ಬಾನೆಟ್ ಎತ್ತಿದ ಭಾನುವಾರ

ಹಳೇ ಕಾರು ಇಟ್ಟುಕೊಂಡವರಿಗೆ ಭಾನುವಾರ ಅನ್ನುವುದು ಶನಿವಾರ ಸಂಜೆಗೇ ಶುರುವಾಗುತ್ತದೆ. ಬ್ಯಾಟರಿಯಲ್ಲಿ ಜೀವ ಇದೆಯೇ, ರೇಡಿಯೇಟರಿನಲ್ಲಿ ನೀರಿದೆಯೇ, ಹೋದ ವಾರ ತೊಟ್ಟಿಕ್ಕುತ್ತಿದ್ದ ಆಯಿಲ್ ಈ ವಾರವೂ ಅದೇ ಜಾಗದಲ್ಲಿ ತೊಟ್ಟಿಕ್ಕುತ್ತಿದೆಯೇ ಎಂದು ನೋಡಬೇಕು. ತೊಟ್ಟಿಕ್ಕುತ್ತಿದ್ದರೆ ಸಮಾಧಾನ. ಒಳಗೆ ಆಯಿಲ್ ಇನ್ನೂ ಉಳಿದಿದೆ ಅಂತ ಅರ್ಥ. ಆಮೇಲೆ ಡಿಕ್ಕಿಗೆ ಎರಡು ಕ್ಯಾನ್ ನೀರು, ಒಂದು ಫ್ಯಾನ್ ಬೆಲ್ಟು, ಪ್ಲಗ್ ಬಿಚ್ಚುವ ಸ್ಪ್ಯಾನರು, ಪಾಯಿಂಟು ಉಜ್ಜಲು ಉಪ್ಪುಕಾಗದ, ಹಳೇ ಪಂಚೆಯ ತುಂಡು ಸೇರುತ್ತವೆ. ಚಿತ್ರಾನ್ನದ ಡಬ್ಬಿಗೆ ಜಾಗ ಉಳಿಯುವುದಿಲ್ಲ.

“ರೀ, ನಾವು ಹೋಗ್ತಿರೋದು ಟ್ರಿಪ್ಪಿಗೋ, ರಿಪೇರಿಗೋ?” ಎಂದು ಹೆಂಡತಿ ಕೇಳುತ್ತಾಳೆ. ಅವೆರಡೂ ಬೇರೆ ಬೇರೆ ಎಂದು ಅವಳು ಇನ್ನೂ ನಂಬಿದ್ದಾಳೆ.

ನಮ್ಮದು ಫಿಯಟ್. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು 1964ರಿಂದ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಮಾಡುತ್ತಿದ್ದ, 1974ರಲ್ಲಿ ಪದ್ಮಿನಿ ಎಂದು ಹೊಸ ಹೆಸರು ಪಡೆದ ಕಾರು. ನಮ್ಮದು ಅದಕ್ಕೂ ಮೊದಲೇ ಹುಟ್ಟಿದ್ದರಿಂದ ಪದ್ಮಿನಿ ಎನ್ನಿಸಿಕೊಳ್ಳುವ ಯೋಗ ಅದಕ್ಕೆ ಬರಲಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತಲ್ಲ, ಅದಕ್ಕೂ ಹಿಂದಿನ ನೋಂದಣಿ. ಹಾಗಾಗಿ ನಂಬರ್ ಪ್ಲೇಟು ‘ಎಂವೈ’ ಎಂದು ಶುರುವಾಗುತ್ತದೆ. ಒಮ್ಮೆ ರಸ್ತೆಯಲ್ಲಿ ಕೈ ಅಡ್ಡ ಹಾಕಿ ನಿಲ್ಲಿಸಿದ ಹುಡುಗು ವಯಸ್ಸಿನ ಪೊಲೀಸರೊಬ್ಬರು ಪ್ಲೇಟನ್ನು ದಿಟ್ಟಿಸಿ, “ಸಾರ್, ಇದು ಯಾವ ಸ್ಟೇಟು? ಮಲೇಷ್ಯಾನಾ?” ಎಂದರು.

“ಇದೇ ಸ್ಟೇಟು ಸಾರ್. ಹೆಸರು ಬದಲಾಯಿಸಿದ್ದಾರೆ, ಕಾರಿಗೆ ಇನ್ನೂ ತಿಳಿಸಿಲ್ಲ” ಎಂದೆ. ಅವರು ದಾಖಲೆ ನೋಡುವುದನ್ನು ಬಿಟ್ಟು ಕಾರಿನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು.

ತುಮಕೂರಿನ ಮರಳೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಗೂಳೂರು, ನಾಗವಲ್ಲಿ, ಹೆಬ್ಬೂರು, ಆಮೇಲೆ ಕುಣಿಗಲ್. ಬಸ್ಸಿನವರಿಗೆ ಇವು ಸ್ಟಾಪುಗಳು, ನಮಗೆ ಸಾಧನೆಗಳು. ಹೊರಡುವುದೇ ಒಂದು ಶಾಸ್ತ್ರ. ಚೋಕ್ ಎಳೆಯಬೇಕು, ಆಕ್ಸಿಲರೇಟರನ್ನು ಎರಡು ಸಲ ಮೆತ್ತಗೆ ಒತ್ತಬೇಕು, ಮೂರನೇ ಸಲ ಒತ್ತಿದರೆ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ಗು ಒದ್ದೆ. ಗೇರು ಸ್ಟೇರಿಂಗಿನ ಪಕ್ಕದಲ್ಲಿ ಕೋಲಿನ ಹಾಗೆ ಚಾಚಿಕೊಂಡಿರುತ್ತದೆ. ಬೆಂಗಳೂರಿನಿಂದ ಬಂದ ನಮ್ಮ ಅಳಿಯ ಮೊದಲ ದಿನ ಕಾಲ ಬಳಿ ತಡಕಾಡಿ, “ಮಾವ, ಗೇರೇ ಇಲ್ವಲ್ಲ” ಎಂದ. ಈ ಕಾರಿಗೆ ಕಳ್ಳರ ಭಯವಿಲ್ಲ ಎಂದು ನನಗೆ ಖಾತ್ರಿಯಾದದ್ದು ಅಂದೇ.

ಪೆಟ್ರೋಲಿನದು ಬೇರೆ ಕತೆ. ಈಗ ಬಂಕಿನಲ್ಲಿ ಹಾಕುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲು. ಹಳೇ ಕಾಲದ ರಬ್ಬರ್ ಪೈಪು, ವಾಷರುಗಳಿಗೆ ಅದು ಒಗ್ಗುವುದಿಲ್ಲ. ಉಬ್ಬುತ್ತವೆ, ಬಿರುಕು ಬಿಡುತ್ತವೆ. ಅರ್ಧ ಶತಮಾನ ಒಂದು ಹನಿ ಮುಟ್ಟದೆ ಮರ್ಯಾದೆಯಿಂದ ಬಾಳಿದ ಕಾರು ಇಳಿವಯಸ್ಸಿನಲ್ಲಿ ಕುಡಿತಕ್ಕೆ ಬಿದ್ದಿದೆ. ನಮ್ಮ ಮೆಕ್ಯಾನಿಕ್ ಭಾಯ್ ಪೈಪುಗಳನ್ನೆಲ್ಲ ಬದಲಾಯಿಸಿ, “ಇನ್ನು ಎಷ್ಟು ಕುಡಿದ್ರೂ ತಡ್ಕೊಳ್ಳುತ್ತೆ ಸಾರ್” ಎಂದು ಅಭಯ ಕೊಟ್ಟಿದ್ದಾರೆ.

ಆದರೆ ಬಿಸಿಲಿಗೆ ಅಭಯ ಕೊಡುವವರು ಯಾರು? ಗೂಳೂರು ದಾಟಿ ಕೈದಾಳಕ್ಕೆ ತಿರುಗಿದ ಮೇಲೆ ಇಂಜಿನ್ ಒಮ್ಮೆ ಕೆಮ್ಮಿ, ಇನ್ನೊಮ್ಮೆ ಬಿಕ್ಕಿ, ಸುಮ್ಮನಾಯಿತು. ಚೆನ್ನಕೇಶವ ಜಕಣಾಚಾರಿಗೆ ಕೈ ಕೊಟ್ಟ ಊರಿನಲ್ಲಿ ನಮ್ಮ ಕಾರೂ ಕೈ ಕೊಟ್ಟಿತು. ಕಾಯಿಲೆ ಗೊತ್ತಿದ್ದದ್ದೇ. ಪೆಟ್ರೋಲ್ ಪಂಪು ಇಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಇಂಜಿನ್ ಕಾದರೆ ಅದೂ ಕಾದು, ಒಳಗಿನ ಪೆಟ್ರೋಲು ಆವಿಯಾಗುತ್ತದೆ. ಪಂಪಿಗೆ ಎಳೆಯಲು ಆವಿ ಸಿಗುತ್ತದೆಯೇ ಹೊರತು ಪೆಟ್ರೋಲು ಸಿಗುವುದಿಲ್ಲ. ಚಿಕಿತ್ಸೆಗೆ ಬೇಕಾದದ್ದು ಆ ಪಂಚೆಯ ತುಂಡು. ನೀರಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿದರೆ ಚುಂಯ್ ಎಂದು ಹಬೆ ಏಳುತ್ತದೆ. ಬಟ್ಟೆ ಒಣಗಿದಂತೆ ಮತ್ತೆ ನೀರು ಚಿಮುಕಿಸಬೇಕು. ಜ್ವರದ ಹುಡುಗನ ಹಣೆಗೆ ಬಟ್ಟೆ ಹಾಕಿ ಕೂತ ತಾಯಿಯಂತೆ ಮಡ್‌ಗಾರ್ಡಿಗೆ ಒರಗಿ ಕಾಯುವುದಷ್ಟೇ ಆಮೇಲಿನ ಕೆಲಸ.

ಬಾನೆಟ್ ಎತ್ತಿದ್ದೇ ತಡ, ಜನ ಸೇರುತ್ತಾರೆ. ಹೊಸ ಕಾರು ಕೆಟ್ಟು ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ಫಿಯಟ್ ಕೆಟ್ಟರೆ ಎಮ್ಮೆ ಹೊಡೆದುಕೊಂಡು ಹೋಗುವವರೂ ಎಮ್ಮೆ ಬಿಟ್ಟು ಬರುತ್ತಾರೆ. “ಪಾಯಿಂಟ್ ಗ್ಯಾಪ್ ನೋಡಿದ್ರಾ?” “ಕಾಯಿಲ್ ಬಿಸಿ ಆಗಿರ್ಬೇಕು ಬುಡಿ.” “ಕಾರ್ಬೊರೇಟರಿಗೆ ಒಂದ್ಸಲ ಊದಿ ಸ್ವಾಮಿ.” ಎಲ್ಲರಿಗೂ ಈ ಕಾರಿನ ಪರಿಚಯ ಇರುವುದಕ್ಕೆ ಕಾರಣ ಒಂದೇ: “ನಮ್ಮ ಮಾವನ ಹತ್ರಾನೂ ಇದೇ ಗಾಡಿ ಇತ್ತು.” ಲೈಸೆನ್ಸ್ ಕಾಲದಲ್ಲಿ ಫಿಯಟ್‌ಗೆ ದುಡ್ಡು ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಿತ್ತು ಎಂದು ಹಿರಿಯರು ಹೇಳುತ್ತಿದ್ದರು. ಕೈದಾಳದ ಲೆಕ್ಕ ಹಿಡಿದರೆ, ಅಷ್ಟೂ ಕಾರನ್ನು ತುಮಕೂರು ಜಿಲ್ಲೆಯ ಮಾವಂದಿರೇ ಕೊಂಡಿರಬೇಕು.

ಹೆಂಡತಿ ಅಷ್ಟರಲ್ಲಿ ಕೇಶವನ ದರ್ಶನ ಮುಗಿಸಿ, ಕುಂಕುಮ ಇಟ್ಟುಕೊಂಡು, ಬಾನೆಟ್ಟಿಗೂ ಒಂದು ಬೊಟ್ಟು ಇಟ್ಟಳು. “ಗುಬ್ಬಿ ತಾಲ್ಲೂಕಲ್ಲಿ ಹೆಲಿಕಾಪ್ಟರ್ ಮಾಡ್ತಿದಾರಂತೆ. ನಾವು ಕುಣಿಗಲ್ ಮುಟ್ಟೋಕೆ ದೇವರೇ ಬೇಕು” ಎಂದಳು. ಮಾತು ನಿಜವೇ. ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿದೆ. ಆದರೆ ಹೆಲಿಕಾಪ್ಟರನ್ನು ದಾರಿಯಲ್ಲಿ ನಿಲ್ಲಿಸಿ ಪಂಚೆ ಹೊದಿಸಲು ಬರುವುದಿಲ್ಲ ಎಂಬುದನ್ನು ಅವಳು ಯೋಚಿಸಿಲ್ಲ. ಕುಣಿಗಲ್ ಮುಟ್ಟಿದ ದಿನಗಳೂ ಇವೆ. ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಮುಂದೆ ಹಾದುಹೋಗುವಾಗ ಒಳಗೆ ಸುಮಾರು 40 ಕುದುರೆಶಕ್ತಿಯ ನಮ್ಮ ಇಂಜಿನ್ ಸ್ವಲ್ಪ ನಾಚಿಕೊಂಡಂತೆ ಸದ್ದು ತಗ್ಗಿಸುತ್ತದೆ. ಕೆರೆ ಏರಿಯ ಮೇಲೆ ಗಾಳಿ ಬೀಸಿದರೆ ಮತ್ತೆ ಗೆಲುವಾಗುತ್ತದೆ.

ಈಚೆಗೆ ಸ್ನೇಹಿತರೊಬ್ಬರು ಕಾನೂನು ಹೇಳಿ ಹೆದರಿಸಿದರು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, 50 ವರ್ಷ ದಾಟಿದ, ಮೂಲ ರೂಪ ಕೆಡದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು ಅವಕಾಶ ಬಂದಿದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನ ನಡುವೆ ‘ವಿಎ’ ಎಂಬ ಅಕ್ಷರಗಳು. ಆದರೆ ಆ ಪ್ಲೇಟು ಹಾಕಿದರೆ ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಕಾರು ತೆಗೆಯುವಂತಿಲ್ಲ. ರಸ್ತೆಗೆ ಇಳಿಸಬಹುದಾದದ್ದು ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ವಿಂಟೇಜ್ ರ‍್ಯಾಲಿಗೆ, ಇಂಧನ ತುಂಬಿಸಲು ಮತ್ತು ದುರಸ್ತಿಗೆ.

“ನಿಮ್ಮ ಭಾನುವಾರದ ಸವಾರಿ ಮುಗೀತು” ಎಂದರು ಅವರು. ನಾನು ಪಟ್ಟಿಯನ್ನು ಮತ್ತೆ ಓದಿಕೊಂಡೆ. ಮನೆ ಬಿಟ್ಟು ಬಂಕಿಗೆ ಹೋಗುತ್ತೇವೆ: ಅದು ಇಂಧನ. ಕೈದಾಳದಲ್ಲಿ ಊರೆಲ್ಲ ಬಂದು ಸುತ್ತ ನಿಂತು ನೋಡುತ್ತದೆ: ಅದು ಪ್ರದರ್ಶನ. ಅಪರಿಚಿತರು ಮೂವರು ಬಾನೆಟ್ಟಿನೊಳಗೆ ತಲೆ ಹಾಕಿ ಪಾಯಿಂಟು, ಕಾಯಿಲ್ಲು, ಕಾರ್ಬೊರೇಟರು ಎಂದು ವಾದ ಮಾಡುತ್ತಾರೆ: ಅದಕ್ಕಿಂತ ತಾಂತ್ರಿಕ ಸಂಶೋಧನೆ ಬೇಕೆ? ವಾಪಸ್ ಬರುವಾಗ ಭಾಯ್ ಗ್ಯಾರೇಜು: ದುರಸ್ತಿ. ಇನ್ನೂ ವಿಎ ಪ್ಲೇಟು ಹಾಕಿಸದಿದ್ದರೂ ನಾವು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ. ನಿಯಮ ಬರೆದವರ ಮಾವನ ಹತ್ತಿರವೂ ಒಂದು ಫಿಯಟ್ ಇದ್ದಿರಲೇಬೇಕು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಭಾನುವಾರ ಕುಣಿಗಲ್ ರಸ್ತೆಯಲ್ಲಿ ಬಾನೆಟ್ ಎತ್ತಿ ನಿಂತ ಹಳೇ ಫಿಯಟ್ ಕಂಡರೆ ಹಾರ್ನ್ ಹೊಡೆಯಬೇಡಿ, ಕನಿಕರವನ್ನೂ ಪಡಬೇಡಿ. ನಿಮ್ಮ ಬಳಿ ನೀರಿನ ಬಾಟಲಿ ಇದ್ದರೆ ಮಾತ್ರ ಸ್ವಲ್ಪ ನಿಲ್ಲಿಸಿ.