ತರಗತಿಯ ಬಾಯಿ ಮುಚ್ಚಿಸುವ ಪ್ರೊಸೀಜರ್

ನರ್ಸಿಂಗ್ ಪ್ರೊಸೀಜರ್ ಪುಸ್ತಕದಲ್ಲಿ ಹಾಸಿಗೆ ಹಾಸುವುದರಿಂದ ಹಿಡಿದು ಮೂಗಿಗೆ ನಳಿಗೆ ಇಳಿಸುವವರೆಗೆ ಎಲ್ಲಕ್ಕೂ ಒಂದೇ ಅಚ್ಚು: ಉದ್ದೇಶ, ಸಾಮಗ್ರಿ, ವಿಧಾನ, ನಂತರದ ಆರೈಕೆ, ದಾಖಲೆ. ನಾವು ಪಾಠ ಮಾಡುವವರು ದಿನವೂ ತಪ್ಪದೆ ಮಾಡುವ ಒಂದು ಪ್ರೊಸೀಜರ್ ಮಾತ್ರ ಅದರಲ್ಲಿ ಬಿಟ್ಟುಹೋಗಿದೆ. ಹೊಸ ಟ್ಯೂಟರುಗಳಿಗೆ ಅನುಕೂಲವಾಗಲೆಂದು ಇಲ್ಲಿ ಬರೆದಿಟ್ಟಿದ್ದೇನೆ.

ಉದ್ದೇಶ: ಅರವತ್ತು ಜನ ಕೂತಿದ್ದರೂ ಒಂದು ಪ್ರಶ್ನೆ ಏಳದಂತೆ ನೋಡಿಕೊಳ್ಳುವುದು.

ಸಾಮಗ್ರಿ: ಹಾಜರಿ ಪುಸ್ತಕ, ಹಳೆಯ ಸ್ಲೈಡುಗಳು, ಇಂಟರ್ನಲ್ ಮಾರ್ಕ್ಸ್ ಪಟ್ಟಿ. ಪಟ್ಟಿಯನ್ನು ತೆರೆಯಬೇಕೆಂದಿಲ್ಲ. ಮೇಜಿನ ಮೇಲೆ ಕಾಣುವಂತಿಟ್ಟರೆ ಸಾಕು.

ಸಮಯ: ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆಯೇ ವಾರ್ಡಿಗೆ ಹೋಗಿ, ಸ್ಪಂಜ್ ಬಾತ್ ಕೊಟ್ಟು, ಬಿಪಿ ನೋಡಿ, ನಿಂತೇ ಇದ್ದು, ಹಾಸ್ಟೆಲಿನ ಅನ್ನ ಸಾರು ಉಂಡು ಬಂದಿರುತ್ತಾರೆ. ತೂಕಡಿಕೆ ಗ್ಯಾರಂಟಿ. ಅದನ್ನು ಆಯಾಸ ಎನ್ನಬೇಡಿ, ಅಶಿಸ್ತು ಎನ್ನಿ.

ವಿಧಾನ: ನೀವು ಹತ್ತು ನಿಮಿಷ ತಡವಾಗಿ ಬನ್ನಿ. ನಿಮ್ಮ ಹಿಂದೆಯೇ ಓಡಿಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ, ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಬೇಕೆಂಬುದನ್ನು ನೆನಪಿಸಿ. ಸ್ಲೈಡಿನಲ್ಲಿ ಇದ್ದದ್ದನ್ನು ಇದ್ದಂತೆ ಓದಿ. ಡೆಸ್ಕಿನ ಕೆಳಗೆ ಮೊಬೈಲ್ ಕಂಡರೆ ಕಿತ್ತುಕೊಳ್ಳಿ. (ರೀಲ್ಸ್ ನೋಡುವವರೇ ಹೆಚ್ಚು, ಅಲ್ಲಗಳೆಯುವುದಿಲ್ಲ. ಹಿಂದಿನ ಬೆಂಚಿನ ಪಿಸುಮಾತು, ಕಿಸಕ್ಕನೆ ನಗು ನನ್ನನ್ನೂ ರೇಗಿಸುತ್ತದೆ.) ಅಷ್ಟರಲ್ಲಿ ನಿಮ್ಮ ಫೋನ್ ಬಂದರೆ ಧಾರಾಳವಾಗಿ ಎತ್ತಿಕೊಳ್ಳಿ. ನರ್ಸಿಂಗ್ ತರಗತಿಯ ಒರಟುತನದ ಬಗ್ಗೆ ಅಮೆರಿಕದಲ್ಲಿ ಅಧ್ಯಯನ ಮಾಡಿದ ಸಿಂಥಿಯಾ ಕ್ಲಾರ್ಕ್ ಇದನ್ನು ಕುಣಿತಕ್ಕೆ ಹೋಲಿಸಿದರು: ಹೆಜ್ಜೆ ಇಬ್ಬರದೂ. ಎರಡು ಕೈ ಸೇರಿದರೇ ಚಪ್ಪಾಳೆ ಎಂದು ನಮ್ಮಜ್ಜಿಗೆ ಅಧ್ಯಯನವಿಲ್ಲದೆಯೇ ಗೊತ್ತಿತ್ತು.

ಇಷ್ಟಾದರೂ ಯಾರಾದರೂ ಕೈ ಎತ್ತಿದರೆ? ಇದೇ ಕಷ್ಟದ ಹಂತ. ಜಿಎನ್ಎಂ ಮೊದಲ ವರ್ಷ, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ. ನನ್ನ ತರಗತಿಯಲ್ಲಿ ಎದ್ದು ನಿಂತಳು. "ಮೇಡಂ, ಇನ್ಸುಲಿನ್ ಸಿರಿಂಜಲ್ಲಿ ಕೆಂಪು ಕ್ಯಾಪಿಂದೇ ಬೇರೆ, ಕಿತ್ತಳೆ ಕ್ಯಾಪಿಂದೇ ಬೇರೆ ಯಾಕೆ?" ಒಳ್ಳೆಯ ಪ್ರಶ್ನೆ. ಸ್ಲೈಡಿನಲ್ಲಿ ಅದು ಇರಲಿಲ್ಲ. ಉತ್ತರ ಹೇಳಲಿಲ್ಲ ನಾನು. "ಇಂಗ್ಲಿಷಲ್ಲಿ ಕೇಳಮ್ಮ" ಎಂದೆ. ಹಿಂದಿನಿಂದ ನಗು ಬಂತು. ತಡೆಯಲಿಲ್ಲ. ಅವಳು ಕೂತಳು. ಆ ಟರ್ಮಿನಲ್ಲಿ ಮತ್ತೆ ಏಳಲಿಲ್ಲ, ಉಳಿದವರೂ ಏಳಲಿಲ್ಲ. ಪ್ರೊಸೀಜರ್ ಯಶಸ್ವಿ.

ನಂತರದ ಆರೈಕೆ: ಕೆಲವು ವಾರ ಬಿಟ್ಟು ವಾರ್ಡಿನಲ್ಲಿ ಒಬ್ಬ ರೋಗಿಯ ಸಕ್ಕರೆ ಏನು ಮಾಡಿದರೂ ಇಳಿಯುತ್ತಿರಲಿಲ್ಲ. ಇನ್ಸುಲಿನ್ ಸೀಸೆ ಮಿ.ಲೀ.ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜೇ ಬೇಕು. ಡ್ಯೂಟಿಯಲ್ಲಿದ್ದ ಹಿರಿಯ ಸಿಸ್ಟರ್ ಗಡಿಬಿಡಿಯಲ್ಲಿ ಕಿತ್ತಳೆಯದನ್ನು, ಅಂದರೆ 100 ಯೂನಿಟ್‌ನದನ್ನು, ತೆಗೆದುಕೊಂಡು 20ರ ಗೆರೆಯವರೆಗೆ ಎಳೆದಿದ್ದರು. ಒಳಗೆ ಹೋದದ್ದು ಬರೀ 8 ಯೂನಿಟ್. ಅದಲುಬದಲಾಗಿ 100ರ ಇನ್ಸುಲಿನ್ನನ್ನು ಕೆಂಪು ಕ್ಯಾಪಿನದರಲ್ಲಿ ಎಳೆದಿದ್ದರೆ 50 ಹೋಗುತ್ತಿತ್ತು. ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದವಳು ಆ ಹುಡುಗಿಯೇ. ನಾನು ಉತ್ತರಿಸದಿದ್ದುದನ್ನು ತಾನೇ ಓದಿ ತಿಳಿದುಕೊಂಡಿದ್ದಳು.

"ನೋಡಿದೆಯಲ್ಲ, ಯಾಕಮ್ಮ ಹೇಳಲಿಲ್ಲ?"

"ಕೇಳಿದ್ರೆ ಬೈತಾರೇನೋ ಅಂತ, ಮೇಡಂ."

ದಾಖಲೆ: ಬರೆಯದ ಕೆಲಸ ಮಾಡದ ಕೆಲಸಕ್ಕೆ ಸಮ ಎಂದು ಕಲಿಸುವವರು ನಾವೇ. ಅವಳು ಎದ್ದು ನಿಂತ ದಿನದ ನನ್ನ ಡೈರಿಯಲ್ಲಿದೆ: "ಪಾಠ ಮುಗಿಯಿತು, ಸಂದೇಹಗಳಿಲ್ಲ." ರೋಗಿಯ ಚಾರ್ಟಿನಲ್ಲಿದೆ: "ಇನ್ಸುಲಿನ್ 20 ಯೂನಿಟ್ ಕೊಡಲಾಗಿದೆ."