ರವಿಕೆಯ ಮೂರನೇ ಹೊಲಿಗೆ

ರವಿಕೆ ಹೊಲಿಯುವವರು ಪಕ್ಕಕ್ಕೆ ಒಂದೇ ಹೊಲಿಗೆ ಹಾಕಿ ಕೈ ತೊಳೆದುಕೊಳ್ಳೋದಿಲ್ಲ, ಗಮನಿಸಿದ್ದೀರಲ್ಲ? ಒಂದರ ಪಕ್ಕ ಒಂದು, ಮೂರು ಸಾಲು ಹಾಕಿರುತ್ತಾರೆ. ಒಳಗಡೆ ಎರಡು ಬೆರಳಿನಷ್ಟು ಬಟ್ಟೆ ಮಡಚಿಕೊಂಡು ಕೂತಿರುತ್ತೆ. ಮದುವೆಗೆ ಹೊಲಿಸಿದ ರೇಷ್ಮೆ ರವಿಕೆಗೆ ಮೊದಲ ಬಾಣಂತನ ಮುಗಿಯೋ ಹೊತ್ತಿಗೆ ಒಳಗಿನ ಸಾಲು ಬಿಚ್ಚಿಯಾಗಿರುತ್ತೆ. ಮಗು ಸ್ಕೂಲಿಗೆ ಸೇರೋ ಹೊತ್ತಿಗೆ ಎರಡನೇದು. ಮೂರನೇದೂ ಬಿಗಿಯಾದ ಮೇಲೆ ರವಿಕೆ ಬೀರುವಿನ ತಳ ಸೇರುತ್ತೆ, ಸೀರೆ ಮಾತ್ರ ಮೇಲೆ ಉಳಿಯುತ್ತೆ. ಗಂಡಸರ ಪ್ಯಾಂಟಿನಲ್ಲೂ ಅಷ್ಟೇ, ಹಿಂದೆ ನಡುವಿನ ಹೊಲಿಗೆಯಲ್ಲಿ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯೋದು. ನಮ್ಮ ಸೊಂಟದ ಭವಿಷ್ಯ ಡಾಕ್ಟರಿಗಿಂತ ಮೊದಲು ದರ್ಜಿಗೆ ಗೊತ್ತಿತ್ತು ಅನ್ಸುತ್ತೆ, ಅಲ್ವಾ?

ಈಗ ಆ ಮೂರು ಹೊಲಿಗೆಯ ಎಚ್ಚರಿಕೆಯೂ ಇಲ್ಲ. ಮನೇಲಿ ನೈಟಿ, ಹೊರಗೆ ಹೋಗೋಕೆ ಲೆಗ್ಗಿಂಗ್ಸು, ಗಂಡಸರಿಗೆ ಟ್ರ್ಯಾಕ್ ಪ್ಯಾಂಟು. ಎಲಾಸ್ಟಿಕ್ಕು ಎಷ್ಟು ಬೇಕಾದರೂ ಹಿಗ್ಗುತ್ತೆ, ಬಾಯಿಬಿಟ್ಟು ಒಂದು ಮಾತು ಹೇಳೋದಿಲ್ಲ.

ಅದಕ್ಕೇ ನಮ್ಮ ಪಕ್ಕದ ಮನೆ ಮೇಷ್ಟ್ರು ರಿಟೈರ್ ಆದ ಮೇಲೆ ದರ್ಜಿ ಟೇಪೊಂದು ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಹೂವು ಕೀಳೋಕೆ ಬಂದವರನ್ನೂ ಕಾಂಪೌಂಡಿನ ಹತ್ತಿರ ನಿಲ್ಲಿಸಿ ಅಳತೆ ಹಿಡೀತಾರೆ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯೆ ಟೇಪು ಸುತ್ತಬೇಕು, ಬಿಗಿಯೂ ಬೇಡ, ಸಡಿಲವೂ ಬೇಡ. ಟೇಪು ಹೊಟ್ಟೆಗೆ ತಾಗಿದ್ದೇ ತಡ, ಎಂಥವರೂ ಉಸಿರು ಒಳಕ್ಕೆ ಎಳ್ಕೋತಾರೆ. ಮೇಷ್ಟ್ರು ಆತುರ ಪಡೋದಿಲ್ಲ. "ಮಗಳ ಮನೆ ಕಡೆ ಎಲ್ಲ ಸೌಖ್ಯಾನಾ?" ಅಂತಾರೆ. ಉತ್ತರ ಹೇಳಬೇಕಾದ್ರೆ ಉಸಿರು ಬಿಡಲೇಬೇಕಲ್ಲ? ಆ ಗಳಿಗೆಯಲ್ಲಿ ಅಳತೆ ಓದಿಕೊಳ್ತಾರೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ನಮ್ಮ ದೇಶದವರಿಗೆ ಡಾಕ್ಟರುಗಳು ಹಾಕಿರೋ ಗೆರೆ ಇದು. "ನಾನಿನ್ನೂ ಮೂವತ್ನಾಲ್ಕು ಇಂಚೇ ಸಾರ್" ಅಂತ ಪ್ಯಾಂಟಿನ ಲೆಕ್ಕ ಹೇಳೋರಿದ್ದಾರೆ. ಆ ಪ್ಯಾಂಟು ಹೊಟ್ಟೆಯ ಕೆಳಗೆ ಎಲ್ಲೋ ನಿಂತಿರುತ್ತೆ, ಹೊಟ್ಟೆಯ ಅಳತೆ ಅದಕ್ಕೆ ಎಲ್ಲಿ ಗೊತ್ತು?

ಬಿಳಿಯರಿಗಿಂತ ನಮಗೆ ಗೆರೆ ಯಾಕೆ ಕೆಳಗೆ ಎಳೆದರು ಅನ್ನೋದೊಂದು ಕಥೆ ಇದೆ. ಪುಣೆಯಲ್ಲಿ ಯಾಜ್ಞಿಕ್ ಅಂತ ಡಾಕ್ಟರು, ಲಂಡನ್ನಿನಲ್ಲಿ ಯುಡ್‌ಕಿನ್ ಅಂತ ಇನ್ನೊಬ್ಬರು, ಇಬ್ಬರೂ ಸ್ನೇಹಿತರು. 2004ರಲ್ಲಿ ತಮ್ಮದೇ ಫೋಟೋ ಜೊತೆಗೆ ಲ್ಯಾನ್ಸೆಟ್ ಪತ್ರಿಕೆಗೆ ಪುಟ್ಟದೊಂದು ಟಿಪ್ಪಣಿ ಬರೆದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅದೇ ಬಿಎಂಐ, ಇಬ್ಬರದ್ದೂ 22.3. ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಮೈಯೊಳಗಿನ ಕೊಬ್ಬು ಅಳೆದು ನೋಡಿದರೆ ಯುಡ್‌ಕಿನ್ನರಿಗೆ ನೂರಕ್ಕೆ 9.1, ನಮ್ಮ ಯಾಜ್ಞಿಕರಿಗೆ 21.2! ಆ ಸಾಹೇಬರು ಮ್ಯಾರಥಾನ್ ಓಡೋರು. ನಮ್ಮವರ ವ್ಯಾಯಾಮ ಅಂದ್ರೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚೋದ್ರೊಳಗೆ ಓಡಿ ಹತ್ತೋದು ಅಂತ ಅವರೇ ಬರ್ಕೊಂಡಿದ್ದಾರೆ. ಎಷ್ಟು ಚೆಂದದ ಮನುಷ್ಯರು, ನೋಡಿ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ, ಇಂಥವರು ನಮ್ಮ ಬೀದಿಯಲ್ಲೇ ಎಷ್ಟು ಜನ ಇಲ್ಲ? ತೂಕದ ಮೆಷಿನ್ನು ಇವರಿಗೆ "ಸರಿಯಾಗಿದ್ದೀರಿ" ಅಂತಲೇ ಹೇಳುತ್ತೆ.

ತೂಕದ ಮೆಷಿನ್ನು ಅಂದ ತಕ್ಷಣ ರೈಲ್ವೆ ಸ್ಟೇಷನ್ನು ನೆನಪಾಗುತ್ತೆ. ಮೇಲೆ ಹತ್ತಿ ನಿಂತರೆ ಬಣ್ಣಬಣ್ಣದ ಬಲ್ಬುಗಳು ಹೊತ್ತಿಕೊಂಡು, ಒಳಗೊಂದು ಚಕ್ರ ಗಿರಗಿರ ತಿರುಗೋದು. ನಾಣ್ಯ ಹಾಕಿದರೆ ಟಕ್ ಅಂತ ದಪ್ಪ ರಟ್ಟಿನ ಟಿಕೆಟ್ಟು ಬೀಳೋದು. ಅದರಲ್ಲಿ ತೂಕ, ಜೊತೆಗೆ ಒಂದು ಸಾಲು ಭವಿಷ್ಯ. ಆ ಕಾಲದಲ್ಲಿ ಅಲ್ಲಿ ನಿಂತವರೆಲ್ಲ ತೂಕ ಜಾಸ್ತಿ ತೋರಿಸಲಿ ಅಂತ ಆಸೆಪಡುತ್ತಿದ್ದರು! ತವರಿಗೆ ಹೋಗಿ ಬಂದ ಸೊಸೆ ಎರಡು ಕೇಜಿ ಏರಿದ್ರೆ ಬೀಗರಿಗೆ ಹೆಮ್ಮೆ. ಹಾಸ್ಟೆಲಿನಿಂದ ಬಂದ ಹುಡುಗ ಇಳಿದಿದ್ರೆ ತಾಯಿಗೆ ಸಂಕಟ. ಅದರಲ್ಲಿ ತಪ್ಪೇನೂ ಇರಲಿಲ್ಲ. ರೇಷನ್ ಅಂಗಡಿ ಮುಂದೆ ಕ್ಯೂ ನಿಂತು, ಅಮೆರಿಕದಿಂದ ಬಂದ ಕೆಂಪು ಗೋಧಿ ತಂದು ಬೀಸಿ ತಿಂದ ಜನ. ಅವರ ಮಟ್ಟಿಗೆ ತುಂಬಿದ ಮೈ ಅಂದ್ರೆ ತುಂಬಿದ ಮನೆ.

ಆ ಹಸಿವಿಗೂ ಈ ಹೊಟ್ಟೆಯ ಜೊತೆ ಬರೋ ಕಾಯಿಲೆಗೂ ನಂಟಿದೆ ಅಂತ ಕಂಡುಕೊಂಡಿದ್ದರಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅಂತಲೇ ಅನ್ನೋದು, ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ಬರೆದಿಡುತ್ತಿದ್ದರು. ಮುಂದೊಂದು ದಿನ ಇದು ಜಗತ್ತಿಗೆ ಬೇಕಾಗುತ್ತೆ ಅಂತ ಆ ದಾದಿಯರಿಗೆ ಗೊತ್ತಿತ್ತಾ? ತಕ್ಕಡಿಯಲ್ಲಿ ಕೂಸನ್ನ ಮಲಗಿಸಿದ್ದು, ತೂಗಿದ್ದು, ಶಿಸ್ತಾಗಿ ಬರೆದಿಟ್ಟಿದ್ದು, ಅಷ್ಟೇ. ಎಷ್ಟೋ ದಶಕ ಕಳೆದ ಮೇಲೆ ಸಂಶೋಧಕರು ಆ ದಾಖಲೆ ಹಿಡಿದು ಅಲ್ಲಿ ಹುಟ್ಟಿದವರನ್ನ ಮನೆಮನೆ ಹುಡುಕಿದರು. 517 ಜನ ಸಿಕ್ಕರು. 1996ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿತ್ತು: ಹುಟ್ಟುವಾಗ ಎರಡೂವರೆ ಕೇಜಿ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ನೂರಕ್ಕೆ 11 ಜನಕ್ಕೆ, 3.1 ಕೇಜಿ ದಾಟಿ ಹುಟ್ಟಿದವರಲ್ಲಿ ಬರೀ 3. ಹುಟ್ಟುವಾಗಲೂ ಸಣ್ಣಗಿದ್ದು, ಬಸುರಿಯಾಗಿದ್ದಾಗ ತಾಯಿಯ ತೂಕವೂ 45 ಕೇಜಿಗಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 20.

ಆಮೇಲೆ ಪುಣೆಯ ಯಾಜ್ಞಿಕರ ತಂಡ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನ ಅಳೆದು ನೋಡಿತು. ಸರಾಸರಿ ತೂಕ 2.7 ಕೇಜಿ, ಇಂಗ್ಲೆಂಡಿನ ಕೂಸಿಗೆ 3.5. ಕೈಕಾಲು, ಮಾಂಸಖಂಡ ಎಲ್ಲದರಲ್ಲೂ ನಮ್ಮ ಕೂಸು ಬಡವ. ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಅಷ್ಟೊಂದು ಬಡವನಲ್ಲ. ಹಿಂದಿನವರು ಬರಗಾಲಕ್ಕಿರಲಿ ಅಂತ ಹಗೇವಿಗೆ ರಾಗಿ ತುಂಬಿಡುತ್ತಿದ್ದ ಹಾಗೆ, ಕೂಸು ಬಸುರಲ್ಲೇ ಒಂದಿಷ್ಟು ಕೂಡಿಟ್ಟುಕೊಂಡು ಬಂದಿರುತ್ತೆ. ಬರ ಬಂದಿದ್ದರೆ ಅದು ಕಾಯೋದು. ಆದರೆ ಬಂದಿದ್ದು ಬೇಕರಿ!

ಬೇಕರಿಯನ್ನ ಬೈಯೋಕೆ ಮನಸ್ಸು ಬರೋಲ್ಲ ನನಗೆ. ಸಂಜೆ ನಾಲ್ಕಕ್ಕೆ ಅಯ್ಯಂಗಾರ್ ಬೇಕರಿಯಿಂದ ಬರೋ ಖಾರಾಬನ್ನಿನ ವಾಸನೆಗೆ ನಿಲ್ಲದ ಕಾಲು ಯಾವುದಿದೆ ಹೇಳಿ? ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದು ಬೆವರು ಸುರಿಸಿ ಕಟ್ಟಿದ ಕಸುಬು ಅದು. ವಾರಕ್ಕೊಂದು ದಿನ ಒಂದು ಬನ್ನು ತಿಂದರೆ ಯಾರ ಸೊಂಟವೂ ಹಿಗ್ಗೋದಿಲ್ಲ. ಸದ್ದಿಲ್ಲದೆ ಹಿಗ್ಗಿಸಿದ್ದು ಎಣ್ಣೆ. ಚಿಕ್ಕಂದಿನಲ್ಲಿ ಕುತ್ತಿಗೆಗೆ ದಾರ ಕಟ್ಟಿದ ಬಾಟಲಿ ಹಿಡ್ಕೊಂಡು ಶೆಟ್ಟರ ಅಂಗಡಿಗೆ ಹೋದರೆ, ಅವರು ಅಳತೆ ಪಾವಿನಲ್ಲಿ ಕಡಲೆಕಾಯಿ ಎಣ್ಣೆ ಬಗ್ಗಿಸಿ ಕೊಡೋರು. ಕೊನೇ ತೊಟ್ಟು ಬೀಳೋವರೆಗೂ ಪಾವನ್ನ ಹಾಗೇ ಹಿಡಿದು ನಿಂತಿರೋರು, ನಾವೂ ಕಣ್ಣು ಮಿಟುಕಿಸದೆ ನೋಡ್ತಾ ನಿಂತಿರ್ತಿದ್ವಿ. ಅಷ್ಟರಲ್ಲಿ ವಾರ ಕಳೀಬೇಕು. ಹಬ್ಬಕ್ಕೆ ಮಾತ್ರ ಬಾಣಲೆ. 1994ರಲ್ಲಿ ಪಾಮಾಯಿಲ್ ಆಮದಿಗೆ ಬಾಗಿಲು ತೆಗೆದರು. ಇವತ್ತು ದೇಶದಲ್ಲಿ ಖರ್ಚಾಗೋ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದೇ. ಅಗ್ಗದ ಎಣ್ಣೆ ಬಂದಿದ್ದೇ ಬಂದಿದ್ದು, ಗೋಬಿ ಗಾಡಿ, ಚಿಪ್ಸ್ ಅಂಗಡಿ, ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟು, ದಿನಾ ಹಬ್ಬ. ಒಂದು ದೊಡ್ಡ ಚಮಚ ಎಣ್ಣೆ ಅಂದ್ರೆ ಸುಮಾರು 120 ಕ್ಯಾಲೊರಿ. ಅದನ್ನ ಕರಗಿಸೋಕೆ ಎರಡು ಕಿಲೋಮೀಟರ್ ನಡೀಬೇಕು. 2025ರ ಫೆಬ್ರವರಿಯ ಮನ್ ಕಿ ಬಾತಿನಲ್ಲಿ ಪ್ರಧಾನಿಗಳು ಎಣ್ಣೆ ನೂರಕ್ಕೆ ಹತ್ತು ಕಡಿಮೆ ಮಾಡಿ ಅಂದರಲ್ಲ, ಒಳ್ಳೇ ಮಾತೇ. ಮನೆಯ ಬಾಣಲೆಗೆ ಅದು ಆಗುತ್ತೆ, ಬೀದಿಯ ಬಾಣಲೆಗೆ ಹೇಳೋರು ಯಾರು?

ನಡೆಯೋಣ ಅಂದ್ರೆ ಎಲ್ಲಿ ನಡೆಯೋದು, ಅದನ್ನೂ ಕೇಳಬೇಕಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಹತ್ತಿರ ಇರೋರು ಪುಣ್ಯವಂತರು. ಮಿಕ್ಕವರಿಗೆ ಫುಟ್‌ಪಾತಿನ ಮೇಲೊಂದು ಟ್ರಾನ್ಸ್‌ಫಾರ್ಮರ್ರು, ಅದರ ಮುಂದೆ ಕಲ್ಲು ಎದ್ದ ಚರಂಡಿ, ಅದು ದಾಟಿದರೆ ಸಾಲಾಗಿ ನಿಂತ ಬೈಕು. ಆಟದ ಬಯಲುಗಳೆಲ್ಲ ಸೈಟಾದವು, ಮಕ್ಕಳು ವ್ಯಾನಿನಲ್ಲಿ ಹೋಗಿ ವ್ಯಾನಿನಲ್ಲೇ ಬರ್ತಾವೆ. ಇಷ್ಟೆಲ್ಲ ಆಗಿ, "ಒರಳುಕಲ್ಲು ಬಿಟ್ಟಿದ್ದಕ್ಕೇ ಹೆಂಗಸರು ದಪ್ಪ ಆಗಿದ್ದು" ಅಂತ ಭಾಷಣ ಮಾಡೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ಹೊಗೆ ಕುಡಿದು, ಸೊಂಟ ಬಿದ್ದು ಹೋಗೋವರೆಗೂ ರುಬ್ಬಿದ ಅತ್ತೆಯಂದಿರನ್ನ ಕೇಳಿ ನೋಡಿ, ಮಿಕ್ಸಿ ಬಂದ ದಿನ ಅವರಿಗೆ ಎಷ್ಟು ನೆಮ್ಮದಿ ಆಯ್ತು ಅಂತ. ಮಿಕ್ಸಿ ಉಳಿಸಿಕೊಟ್ಟ ಆ ಗಂಟೆಯಲ್ಲಿ ಹೆಂಗಸರು ಕೈ ಬೀಸಿಕೊಂಡು ನಡೆಯೋಕೆ ಒಂದು ರಸ್ತೆ, ಕೂತು ನಗೋಕೆ ಒಂದು ಪಾರ್ಕು ಕೊಡಬೇಕಿತ್ತು. ಕೊಟ್ಟಿದ್ದು ಸೀರಿಯಲ್ಲು.

ಇನ್ನೊಂದು ವಿಷಯ, ಇದನ್ನ ಯಾರೂ ಲೆಕ್ಕಕ್ಕೇ ಹಿಡಿಯೋಲ್ಲ. ಮಗ ತಟ್ಟೇಲಿ ಬಿಟ್ಟ ಅರ್ಧ ದೋಸೆ, ಮಗಳು ಬಿಟ್ಟ ಎರಡು ತುತ್ತು ಮೊಸರನ್ನ, ಪಾತ್ರೆ ತಳದ ಹಿಡಿ ಚಿತ್ರಾನ್ನ. "ಅನ್ನ ದಂಡ ಮಾಡಬಾರದು" ಅಂತ ಕೊನೆಗೆ ಅವೆಲ್ಲ ಯಾರ ಹೊಟ್ಟೆಗೆ ಹೋಗೋದು? ತಾಯಿಯ ಹೊಟ್ಟೆಗೆ. ಪಲ್ಯ, ಬೇಳೆ, ಮೊಟ್ಟೆ, ಮೀನು ಎಲ್ಲ ಮೊದಲ ಪಂಕ್ತಿಯಲ್ಲೇ ಖಾಲಿ. ಅವಳ ಪಾಲಿಗೆ ಅನ್ನ, ತಿಳಿಸಾರು, ಉಪ್ಪಿನಕಾಯಿ. ಅದಕ್ಕೇ ನಾಲ್ಕು ಮನೆ ಪಾತ್ರೆ ತೊಳೆದು ದಿನವಿಡೀ ದುಡಿಯೋ ಹೆಣ್ಣುಮಗಳಿಗೂ ಹೊಟ್ಟೆ ಬರುತ್ತೆ, ಜೊತೆಗೆ ರಕ್ತಹೀನತೆಯೂ ಇರುತ್ತೆ. ಶ್ರೀಮಂತರ ರೋಗ ಅನ್ನೋ ಕಾಲ ಯಾವತ್ತೋ ಹೋಯ್ತು.

ಕರ್ನಾಟಕದ ಲೆಕ್ಕವನ್ನೇ ನೋಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೂಕ ಮಿತಿಮೀರಿದ ಹೆಂಗಸರು ನೂರಕ್ಕೆ 23 ಇದ್ದರು. 2019-21ರ ಸಮೀಕ್ಷೆಗೆ 30 ಆದರು. ಗಂಡಸರು 22ರಿಂದ 31ರ ಹತ್ತಿರಕ್ಕೆ ಬಂದರು. ಅದೇ ಸಮೀಕ್ಷೆ ಅದೇ ಕರ್ನಾಟಕದಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಅಂತಲೂ ಹೇಳುತ್ತೆ. ಒಂದೇ ಸೂರಿನಡಿ ಮಂಡಿ ನೋವಿನ ದಪ್ಪನೆಯ ಅಜ್ಜಿ, ಅವಳ ತೊಡೆ ಮೇಲೆ ಕುಳ್ಳಗೆ ಬಡಕಲಾದ ಮೊಮ್ಮಗು. ಅಜ್ಜಿಯೂ ಒಂದು ಕಾಲಕ್ಕೆ ಹಾಗೇ ಇದ್ದ ಮಗುವೇ ಅಲ್ವಾ?

ಈ ಬೊಜ್ಜಿನಿಂದ ಮುಂದೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ಮನೆಗಳ ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಕೂತಿರೋ ಹಾಗಾಗಿದೆ. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನ ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಅಂತ ಹೇಳಿತು. ಇನ್ನು ಮಂಡಿ ಸವೆತ, ಕುಡಿಯದೇ ಇದ್ದವರಿಗೂ ಬರೋ ಲಿವರ್ ಕೊಬ್ಬು, ಕಾಲೇಜು ಹುಡುಗಿಯರ ಮುಟ್ಟಿನ ಏರುಪೇರು. 2025ರಿಂದ ತೂಕ ಇಳಿಸೋ ಹೊಸ ಇಂಜೆಕ್ಷನ್ನುಗಳೂ ನಮ್ಮ ಅಂಗಡಿಗೆ ಬಂದಿವೆ. ನಿಜವಾಗಿ ಬೇಕಾದವರಿಗೆ ಅದು ದೊಡ್ಡ ಆಸರೆ, ಡಾಕ್ಟರು ಬರೆದುಕೊಟ್ಟರೆ ನಾಚಿಕೆ ಪಡದೆ ತಗೊಳ್ಳಲಿ. ಮದುವೆ ಫೋಟೋಗೆ ಸಣ್ಣ ಕಾಣಬೇಕು ಅಂತ ಚುಚ್ಚಿಸಿಕೊಳ್ಳೋದು ಬೇಡ, ಅಷ್ಟೇ.

ನನಗೆ ಎಲ್ಲಕ್ಕಿಂತ ಬೇಸರ ಆಗೋದು ನಮ್ಮ ಬಾಯಿಂದ. ಛತ್ರದ ಬಾಗಿಲಲ್ಲೇ "ಏನೇ, ಇಷ್ಟು ದಪ್ಪ ಆಗ್ಬಿಟ್ಟಿದ್ದೀಯ!" ಅಂತ ಹೆಣ್ಣುಮಗಳನ್ನ ನಾಲ್ಕು ಜನರ ಮುಂದೆ ಕೇಳ್ತಾರೆ. ಕೇಳಿದವರೇ ಊಟದ ಪಂಕ್ತಿಯಲ್ಲಿ ಬಂದು, ಅವಳು ಎಲೆ ಮೇಲೆ ಕೈ ಅಡ್ಡ ಹಿಡಿದರೂ ಬಿಡದೆ, "ಒಂದೇ ಒಂದು ಹೋಳಿಗೆ, ನನ್ನಾಣೆ" ಅಂತ ಬಡಿಸ್ತಾರೆ. ಅವಳ ಅಜ್ಜಿ ಪಟ್ಟ ಹಸಿವು, ಅಗ್ಗದ ಎಣ್ಣೆ, ಇಲ್ಲದ ಫುಟ್‌ಪಾತು, ಹತ್ತು ಗಂಟೆ ಕುರ್ಚಿಗೆ ಅಂಟಿಸೋ ನೌಕರಿ, ಇಷ್ಟೂ ಸೇರಿ ಮಾಡಿದ್ದನ್ನ ಅವಳೊಬ್ಬಳ ನಾಲಿಗೆ ಚಪಲ ಅಂತ ಅನ್ನೋದು ಅನ್ಯಾಯ.

ಹಂಗಿಸೋದರಿಂದ ಯಾರೂ ಸಣ್ಣ ಆಗಿದ್ದಿಲ್ಲ. ನಿಮ್ಮ ಮನೆಯಲ್ಲಿ ಬೆಳೆಯೋ ಹುಡುಗಿ ಇದ್ದರೆ, ಬಸುರಿ ಸೊಸೆ ಇದ್ದರೆ, ಇವತ್ತು ರಾತ್ರಿ ಅವರನ್ನ ಮೊದಲ ಪಂಕ್ತಿಗೆ ಕೂರಿಸಿ. ಬೇಳೆ, ಸೊಪ್ಪು, ಮೊಟ್ಟೆ ಮೊದಲು ಅವರ ತಟ್ಟೆಗೆ ಬಡಿಸಿ.