ಎಲ್ಲಾ ನಾಲ್ಕು ಹಾಕ್ರಪ್ಪ

ನಮ್ಮ ಕಡೆ ಸರ್ಕಾರಿ ಕಾಲೇಜಿಗೆ ಸುಣ್ಣ ಬಿತ್ತು ಅಂದರೆ ಎರಡೇ ಕಾರಣ: ಮತ ಎಣಿಕೆ ಇರಬೇಕು, ಇಲ್ಲಾ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬರುತ್ತಿರಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಣ್ಣದ ಹಿಂದೆಯೇ ಬರುವುದು ವಿದ್ಯಾರ್ಥಿ ತೃಪ್ತಿ ಸಮೀಕ್ಷೆ. 2017ರಲ್ಲಿ ನ್ಯಾಕ್ ತನ್ನ ಪದ್ಧತಿ ಬದಲಿಸಿದಾಗ ಹುಟ್ಟಿದ್ದು. 20 ಪ್ರಶ್ನೆ, ಸೊನ್ನೆಯಿಂದ ನಾಲ್ಕರವರೆಗೆ ಅಂಕ. 21ನೆಯದರಲ್ಲಿ ಮೂರು ಸಲಹೆ ಬರೆಯಬಹುದು.

ಲಿಂಕು ಇಮೇಲಿಗೆ ಬರುತ್ತದೆ. ಅಲ್ಲೇ ಮೊದಲ ತೊಡಕು. ಹುಡುಗರ ಇಮೇಲು ಹುಟ್ಟಿದ್ದು ಅಡ್ಮಿಷನ್ ದಿನ, ಸೈಬರ್ ಸೆಂಟರಿನಲ್ಲಿ. ಪಾಸ್‌ವರ್ಡ್ ಗೊತ್ತಿರುವುದು ಆ ಅಂಗಡಿಯ ಅಣ್ಣನಿಗೆ ಮಾತ್ರ. ಹೀಗಾಗಿ ಉನ್ನತ ಶಿಕ್ಷಣದ ಬಗ್ಗೆ ನಮ್ಮ ತಾಲ್ಲೂಕಿನ ತೃಪ್ತಿಯನ್ನು ಕಾಯುತ್ತಿರುವವನು ಜೆರಾಕ್ಸ್ ಮಿಷನ್ನಿನ ಹಿಂದೆ ಕೂತಿದ್ದಾನೆ.

ನಾನು ಕಂಡ ಒಂದು ಕಾಲೇಜಿನಲ್ಲಿ ಹುಡುಗರಿಂದ ಸಮೀಕ್ಷೆ ತುಂಬಿಸುವ ಕೆಲಸ ಅತಿಥಿ ಉಪನ್ಯಾಸಕರೊಬ್ಬರ ತಲೆಗೆ ಬಿದ್ದಿತ್ತು. ಅತಿಥಿ ಅಂದರೆ, ಊಟಕ್ಕೆ ಕರೆದು ಎಲೆ ಹಾಕದೆ ವರ್ಷಗಟ್ಟಲೆ ಕೂರಿಸಿದವರು. ಸಿಲೆಬಸ್ ಎಷ್ಟು ಮುಗಿದಿದೆ ಎಂಬ ಪ್ರಶ್ನೆಗೆ ಹುಡುಗನೊಬ್ಬ ತಲೆ ಕೆರೆದುಕೊಂಡ. "ಸಾರ್, ನೀವು ಬಂದಿದ್ದೇ ಸೆಮಿಸ್ಟರ್ ಅರ್ಧ ಆದ್ಮೇಲೆ." ಮೇಷ್ಟ್ರು ಅತ್ತಿತ್ತ ನೋಡಿ, "ಎಲ್ಲಾ ನಾಲ್ಕು ಹಾಕ್ರಪ್ಪ, ಮಾನ ಉಳಿಸಿ," ಅಂದರು. ಅವರ ಸಂಬಳ ಬಂದು ಮೂರು ತಿಂಗಳಾಗಿತ್ತು. ಅವರ ತೃಪ್ತಿ ಕೇಳುವ ಫಾರಂ ಇನ್ನೂ ತಯಾರಾಗಿಲ್ಲ. 2023ರ ಕೊನೆಯಲ್ಲಿ ಇಂಥವರೇ ರಾಜ್ಯದ ತುಂಬ ತರಗತಿ ಬಹಿಷ್ಕರಿಸಿ ಬೀದಿಗೆ ಬಂದಾಗ, ಕಾಲೇಜು ನಡೆಸುತ್ತಿದ್ದವರು ಯಾರೆಂದು ಊರಿಗೆಲ್ಲ ಗೊತ್ತಾಯಿತು.

ಪ್ರಶ್ನೆಗಳಂತೂ ಮಜವಾಗಿವೆ. ಪ್ರೊಜೆಕ್ಟರ್ ಬಳಸುವ ಅಧ್ಯಾಪಕರು ನೂರಕ್ಕೆ ಎಷ್ಟು? ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಇದೆ, ಕರೆಂಟಿಗೇನು ಬರ! ವಿದ್ಯಾರ್ಥಿ ವಿನಿಮಯಕ್ಕೆ ಅವಕಾಶವಿದೆಯೇ? ಪಾವಗಡದ ಮೂರು ದಿಕ್ಕಿಗೂ ಆಂಧ್ರ. ದಾರಿ ತಪ್ಪಿದರೂ ಅಂತರರಾಜ್ಯ ವಿನಿಮಯ. ಆದರೆ ಬಸ್ಸು, ಹೆಣ್ಣುಮಕ್ಕಳ ಶೌಚಾಲಯ, ಕುಡಿಯುವ ನೀರು, ಈ ಮೂರರ ಬಗ್ಗೆ ಆ 20ರಲ್ಲಿ ಒಂದೂ ಪ್ರಶ್ನೆಯಿಲ್ಲ. ಫ್ಲೋರೈಡ್ ನೀರು ಕುಡಿದು ಬೆಳೆದ ತಾಲ್ಲೂಕಿನಲ್ಲಿ ನೀರಿನ ಮಾತೆತ್ತದಿರುವುದು ಜಾಣತನವೇ ಇರಬೇಕು.

ಹೀಗೆ ಪ್ರಶ್ನೆ ಕೇಳಿ ಸೇವೆಯ ಗುಣಮಟ್ಟ ಅಳೆಯುವ ಹೆಸರಾಂತ ವಿದ್ಯೆಯೊಂದು ಅಮೆರಿಕದ್ದು. ಪರಶುರಾಮನ್, ಜೈಥಾಮಲ್, ಬೆರಿ ಎಂಬ ಮೂವರು 1988ರಲ್ಲಿ 22 ಅಂಶಗಳ ಅಳತೆಗೋಲು ಮಾಡಿದರು. ಬ್ಯಾಂಕು, ಕ್ರೆಡಿಟ್ ಕಾರ್ಡು, ಮನೆ ಸಾಮಾನಿನ ರಿಪೇರಿಯಂಥ ವ್ಯಾಪಾರ ನೋಡಿ ಮಾಡಿದ್ದು, ಆಮೇಲೆ ಕಾಲೇಜಿಗೂ ತಂದರು. ಲೆಕ್ಕ ಸುಲಭ: ಸಿಕ್ಕಿದ್ದರಲ್ಲಿ ನಿರೀಕ್ಷೆ ಕಳೆಯಬೇಕು. ಇದರ ಒಳಮರ್ಮ ನಮ್ಮವರಿಗೆ ಬೇಗ ತಿಳಿಯಿತು. ಸಿಗುವುದನ್ನು ಹೆಚ್ಚಿಸಲು ದುಡ್ಡು ಬೇಕು, ನಿರೀಕ್ಷೆ ಇಳಿಸಲು ಬೇಡ. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವ ಮನೆಯಿಂದ ಮೊದಲ ಬಾರಿ ಡಿಗ್ರಿ ಮೆಟ್ಟಿಲು ಹತ್ತಿದವಳಿಗೆ ಬೆಂಚಿನ ಮೇಲೆ ಕೂತಿದ್ದೇ ಹಬ್ಬ. ಅವಳು ನಾಲ್ಕು ಹಾಕದೆ ಇನ್ನೇನು ಹಾಕುತ್ತಾಳೆ?

ಅಂದು ಆ ಅತಿಥಿ ಮೇಷ್ಟ್ರ ಮುಂದೆ ಅಂಥವಳೊಬ್ಬಳು ಮಾತ್ರ 21ನೇ ಪ್ರಶ್ನೆಯವರೆಗೂ ಬಂದಳು. "ಸಾರ್, ಮೂರೂ ಬೇರೆ ಬೇರೆ ಇರ್ಬೇಕಾ?" ಅಂದಳು. ಮೇಷ್ಟ್ರು ಇಣುಕಿದರು. ಮೂರು ಕಡೆಯೂ ಒಂದೇ ಬರೆದಿದ್ದಳು: ಸಂಜೆಗೊಂದು ಬಸ್ ಬಿಡಿ. ಮೇಷ್ಟ್ರು ಏನೂ ಹೇಳಲಿಲ್ಲ. ಉತ್ತರಕ್ಕೆ ಕಾಯಲು ಅವಳಿಗೂ ಪುರುಸೊತ್ತಿರಲಿಲ್ಲ. ಊರಿಗಿದ್ದ ಕೊನೆ ಬಸ್ಸು ಮೂರೂವರೆಗೆ, ಕೊನೆ ಕ್ಲಾಸು ಮೂರೂಕಾಲಿಗೆ.